ಆಪರೆಂಡ್ ಹಿಡಿದು ಹೋದರೆ ಲೋಡ್‌ನಲ್ಲೇ ನಿಲ್ಲುತ್ತದೆ, ಮುಂದೆ ಎಲ್ಲಿ ಹುಡುಕುವುದು?

ಪ್ರಶ್ನೆ: ಎಲ್‌ಎಲ್‌ವಿಎಂನಲ್ಲಿ ಸ್ವಂತ ಪಾಸ್ ಬರೆಯುತ್ತಿದ್ದೇನೆ. ಒಂದು ಇನ್‌ಸ್ಟ್ರಕ್ಷನ್ ಯಾವ ಯಾವ ವೇರಿಯಬಲ್‌ಗಳನ್ನು ಅವಲಂಬಿಸಿದೆ ಎಂದು ಪತ್ತೆ ಮಾಡಬೇಕು. ಆಪರೆಂಡ್‌ಗಳನ್ನು ಹಿಡಿದು ಹಿಂದಕ್ಕೆ ಹೋದರೆ ಪ್ರತಿ ಸಲ ಲೋಡ್ ಸಿಗುತ್ತದೆ, ಅದರ ಹಿಂದೆ ಅಲೋಕಾ, ಅಲ್ಲಿಗೆ ಮುಗಿಯಿತು. ಬೆಲೆ ತುಂಬಿದ ಸ್ಟೋರ್ ಸಿಗುವುದೇ ಇಲ್ಲ. ಎಂಥ ಮಾಡುವುದು?
(ಬದಿಯಡ್ಕದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಪಾಸ್ ಬರೆಯಲು ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. ಕಾಸರಗೋಡಿನ ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯ ಎಷ್ಟೋ ಮಕ್ಕಳು ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಕಂಪೈಲರ್ ಪಾಠವನ್ನು ಇಂಗ್ಲಿಷಿನಲ್ಲೇ ಕೇಳುತ್ತಾರೆ. ಅವರಿಗೆ ಇದು ಒಂದು ಸಲವಾದರೂ ನಮ್ಮ ಭಾಷೆಯಲ್ಲಿ ಪೂರ್ತಿ ಸಿಗಬೇಕು ಎಂಬುದು ನನ್ನ ಆಸೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹೊಸಬರಿಗೆ ಮೊದಲು ಪದಗಳ ಅರ್ಥ: ಎಲ್‌ಎಲ್‌ವಿಎಂ ಎಂದರೆ ಕಂಪೈಲರ್ ಕಟ್ಟುವ ಸಾಮಗ್ರಿ, ಪಾಸ್ ಎಂದರೆ ಪ್ರೋಗ್ರಾಂ ಮೇಲೆ ಒಂದು ಸುತ್ತು ಓಡಿ ಅದನ್ನು ಪರೀಕ್ಷಿಸುವ ಅಥವಾ ಬದಲಿಸುವ ಭಾಗ, ಆಪರೆಂಡ್ ಎಂದರೆ ಇನ್‌ಸ್ಟ್ರಕ್ಷನ್ ಬಳಸುವ ಬೆಲೆ. ಅಲೋಕಾ ಮೆಮೊರಿಯಲ್ಲಿ ಜಾಗ ಮಾಡುತ್ತದೆ, ಸ್ಟೋರ್ ಅಲ್ಲಿಗೆ ಬೆಲೆ ಹಾಕುತ್ತದೆ, ಲೋಡ್ ಅಲ್ಲಿಂದ ತೆಗೆಯುತ್ತದೆ.

ಮೊದಲು ಚಿಕ್ಕ ಉತ್ತರ. ನಿಮ್ಮ ಕೋಡ್ ತಪ್ಪಿಲ್ಲ. ಆಪರೆಂಡ್ ಸರಪಳಿ ಒಂದು ಇನ್‌ಸ್ಟ್ರಕ್ಷನ್‌ನ ಫಲಿತಾಂಶವನ್ನು ಇನ್ನೊಂದಕ್ಕೆ ಜೋಡಿಸುತ್ತದೆ, ಅಷ್ಟೇ. ಮೆಮೊರಿಗೆ ಹಾಕಿ ಮತ್ತೆ ತೆಗೆದ ಬೆಲೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ವೇರಿಯಬಲ್‌ಗಳನ್ನು ಮೊದಲು ಮೆಮೊರಿಯಿಂದ ಹೊರಗೆ ತರಬೇಕು. ಅಷ್ಟು ಮಾಡಿದ ಮೇಲೂ ಎರಡು ಕಡೆ ಸರಪಳಿ ತುಂಡಾಗಿಯೇ ಇರುತ್ತದೆ. ಹೆಚ್ಚಿನವರು ಎಡವುವುದು ಅಲ್ಲಿ.

ನಮ್ಮ ಕಡೆಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಡಿಕೆ ಅಂಗಡಿಯಲ್ಲಿ ತೂಕ, ದರ ನೋಡಿ ಮೊತ್ತ ಹಾಕಬೇಕು. ಮಾಲು ಪಟೋರ (ಕಡಿಮೆ ದರ್ಜೆಯ ಅಡಿಕೆ) ಆಗಿದ್ದರೆ ಕಿಲೋಗೆ 40 ರೂಪಾಯಿ ಕಡಿತ. ಸಿ ಭಾಷೆಯಲ್ಲಿ ಹೀಗಿರುತ್ತದೆ (ಓದಲು ಸುಲಭ ಆಗಲಿ ಎಂದು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ):

ಇಂಟ್ ಮೊತ್ತ(ಇಂಟ್ ತೂಕ, ಇಂಟ್ ದರ, ಇಂಟ್ ಪಟೋರ) {
  ಇಂಟ್ ಕಡಿತ = 0;
  ಇಫ್ (ಪಟೋರ) ಕಡಿತ = 40;
  ರಿಟರ್ನ್ ತೂಕ * (ದರ - ಕಡಿತ);
}

ಇದನ್ನು ಕ್ಲ್ಯಾಂಗ್‌ನಲ್ಲಿ (ಎಲ್‌ಎಲ್‌ವಿಎಂನ ಸಿ ಕಂಪೈಲರ್) ಓ0 ಮಟ್ಟದಲ್ಲಿ, ಅಂದರೆ ಆಪ್ಟಿಮೈಸ್ ಮಾಡದೆ, ಕಂಪೈಲ್ ಮಾಡಿ ಐಆರ್ (ಕಂಪೈಲರ್ ಒಳಗೆ ಬಳಸುವ ನಡುವಿನ ರೂಪ) ತೆಗೆದರೆ, ಮೂರು ಆರ್ಗ್ಯುಮೆಂಟ್ ಮತ್ತು ಕಡಿತ ಸೇರಿ ನಾಲ್ಕಕ್ಕೂ ಒಂದೊಂದು ಅಲೋಕಾ ಇರುತ್ತದೆ, %4ರಿಂದ %7ರ ತನಕ. ಕೊನೆಯ ಭಾಗ ಹೀಗೆ (ಟೈಪ್‌ಗಳನ್ನು ಬಿಟ್ಟಿದ್ದೇನೆ):

%12 = ಲೋಡ್ %4
%13 = ಲೋಡ್ %5
%14 = ಲೋಡ್ %7
%15 = ಸಬ್ %13, %14
%16 = ಮಲ್ %12, %15
ರೆಟ್ %16

ಈಗ %16ರಿಂದ ಹಿಂದಕ್ಕೆ ನಡೆಯಿರಿ. %15 ಸಿಗುತ್ತದೆ, ಅದರಿಂದ %14, ಅದರಿಂದ %7. ಆ %7 ಬರೀ ಒಂದು ಜಾಗದ ವಿಳಾಸ. ಆ ಜಾಗಕ್ಕೆ 0 ಹಾಕಿದ ಸ್ಟೋರ್, 40 ಹಾಕಿದ ಸ್ಟೋರ್ ಎರಡೂ %7ನ್ನು ಬಳಸುತ್ತವೆ ನಿಜ, ಆದರೆ %7 ಅವುಗಳನ್ನು ಬಳಸುವುದಿಲ್ಲ. ಹಾಗಾಗಿ ಹಿಂದಕ್ಕೆ ಹೋಗುವ ದಾರಿಯಲ್ಲಿ ಅವು ಬರುವುದಿಲ್ಲ. ಮುಂದಕ್ಕೆ ಯೂಸರ್‌ಗಳನ್ನು, ಅಂದರೆ ಒಂದು ಬೆಲೆಯನ್ನು ಬಳಸುವ ಇನ್‌ಸ್ಟ್ರಕ್ಷನ್‌ಗಳನ್ನು, ಹಿಡಿದು ಹೊರಟರೂ ಇದೇ ಪಾಡು. ಸ್ಟೋರ್‌ಗೆ ಫಲಿತಾಂಶ ಅಂತ ಒಂದು ಇಲ್ಲವಲ್ಲ, ಅದರ ಯೂಸರ್ ಪಟ್ಟಿ ಯಾವಾಗಲೂ ಖಾಲಿ.

%7ರ ಯೂಸರ್‌ಗಳನ್ನೆಲ್ಲ ನೋಡಿ ಸ್ಟೋರ್ ಕಂಡಾಗ ಸೇರಿಸಿಕೊಂಡರೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆದರೆ ಯಾವ ಸ್ಟೋರ್ ಮೊದಲು, ಯಾವುದು ಆಮೇಲೆ, ಯಾವುದನ್ನು ಇನ್ನೊಂದು ಅಳಿಸಿಹಾಕಿತು ಎಂಬ ಲೆಕ್ಕ ಸಿಗುವುದಿಲ್ಲ. ಲೋಡ್ ಆದ ನಂತರ ಬಂದ ಸ್ಟೋರ್ ಕೂಡ ಪಟ್ಟಿಗೆ ಸೇರುತ್ತದೆ. ಆ ಲೆಕ್ಕವನ್ನು ಕೈಯಲ್ಲಿ ಬರೆಯಲು ಕೂರಬೇಡಿ. ಅದಕ್ಕೆಂದೇ ಮೆಮ್‌ಟುರೆಗ್ ಪಾಸ್ ಇದೆ, ಅದು ವೇರಿಯಬಲ್‌ಗಳನ್ನು ಮೆಮೊರಿಯಿಂದ ರಿಜಿಸ್ಟರ್ ಬೆಲೆಗಳಿಗೆ ತರುತ್ತದೆ. ಅದನ್ನು ಓಡಿಸಿದ ಮೇಲೆ ಅದೇ ಫಂಕ್ಷನ್ ಇಷ್ಟಾಗುತ್ತದೆ (ಸಂಖ್ಯೆಗಳು ಹೊಸವು; %0, %1, %2 ಎಂದರೆ ತೂಕ, ದರ, ಪಟೋರ):

%4 = ಐಸಿಎಂಪಿ ಎನ್‌ಇ %2, 0
ಬಿಆರ್ %4, ಬ್ಲಾಕ್ %5, ಬ್ಲಾಕ್ %6
ಬ್ಲಾಕ್ %5:
ಬಿಆರ್ ಬ್ಲಾಕ್ %6
ಬ್ಲಾಕ್ %6:
%.0 = ಫೈ [40, %5], [0, %3]
%7 = ಸಬ್ %1, %.0
%8 = ಮಲ್ %0, %7
ರೆಟ್ %8

ಅಲೋಕಾ, ಲೋಡ್, ಸ್ಟೋರ್ ಒಂದೂ ಉಳಿದಿಲ್ಲ. ಬ್ಲಾಕ್ ಎಂದರೆ ನಡುವೆ ಕವಲಿಲ್ಲದೆ ಸಾಲಾಗಿ ಓಡುವ ಇನ್‌ಸ್ಟ್ರಕ್ಷನ್‌ಗಳ ಗುಂಪು; %3 ಎಂದರೆ ಫಂಕ್ಷನ್‌ನ ಮೊದಲ ಬ್ಲಾಕ್. ಬಿಆರ್ ಎಂದರೆ ಇನ್ನೊಂದು ಬ್ಲಾಕ್‌ಗೆ ಹೋಗುವ ಕವಲು, ಫೈ ಎಂದರೆ ಯಾವ ಬ್ಲಾಕ್‌ನಿಂದ ಬಂದೆವು ನೋಡಿ ಒಂದು ಬೆಲೆ ಆರಿಸುವ ಇನ್‌ಸ್ಟ್ರಕ್ಷನ್.

ಇಲ್ಲಿ ಒಂದು ಎಚ್ಚರಿಕೆ. ಓ0 ಮಟ್ಟದಲ್ಲಿ ಕ್ಲ್ಯಾಂಗ್ ಪ್ರತಿ ಫಂಕ್ಷನ್‌ಗೂ ಆಪ್ಟ್‌ನನ್ ಎಂಬ ಗುರುತು ಹಾಕಿಬಿಡುತ್ತದೆ. ಆ ಗುರುತು ಇದ್ದರೆ ಮೆಮ್‌ಟುರೆಗ್ ಸದ್ದಿಲ್ಲದೆ ಆ ಫಂಕ್ಷನ್ ಬಿಟ್ಟು ಮುಂದೆ ಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನಿಮ್ಮ ಸ್ವಂತ ಪಾಸ್ ಕೂಡ ಓಡುವುದಿಲ್ಲ, ಅದರ ಈಸ್‌ರಿಕ್ವೈರ್ಡ್ ಫಂಕ್ಷನ್ ಟ್ರೂ ಕೊಡದಿದ್ದರೆ. ಓ1 ಮಟ್ಟ ಕೊಟ್ಟು, ಎಕ್ಸ್‌ಕ್ಲ್ಯಾಂಗ್ ಮೂಲಕ ಡಿಸೇಬಲ್-ಎಲ್‌ಎಲ್‌ವಿಎಂ-ಪಾಸಸ್ ಎಂಬ ಫ್ಲ್ಯಾಗ್ ಸೇರಿಸಿ ಐಆರ್ ತೆಗೆಯಿರಿ. ಆಗ ಆಪ್ಟಿಮೈಸ್ ಆಗದ ಐಆರ್ ಸಿಗುತ್ತದೆ, ಆ ಗುರುತೂ ಇರುವುದಿಲ್ಲ.

ಇನ್ನು ಆಪರೆಂಡ್ ಹಿಡಿದು ಹಿಂದಕ್ಕೆ ನಡೆಯುವ ಕೆಲಸ. ಒಂದು ವರ್ಕ್‌ಲಿಸ್ಟ್ (ಇನ್ನೂ ನೋಡಬೇಕಾದದ್ದರ ಪಟ್ಟಿ), ಜೊತೆಗೆ ನೋಡಿ ಮುಗಿದದ್ದರ ಒಂದು ಸೆಟ್. ಲಿಸ್ಟ್‌ನಿಂದ ಒಂದು ಇನ್‌ಸ್ಟ್ರಕ್ಷನ್ ತೆಗೆಯಿರಿ, ಅದರ ಆಪರೆಂಡ್ ಒಂದೊಂದನ್ನೂ ನೋಡಿ, ಹೊಸದಾದರೆ ಸೆಟ್‌ಗೂ ಲಿಸ್ಟ್‌ಗೂ ಸೇರಿಸಿ. ಆ ಸೆಟ್ ಬೇಕೇ ಬೇಕು. ಲೂಪ್ ಇದ್ದ ಕಡೆ ಫೈ ತನ್ನದೇ ಫಲಿತಾಂಶದಿಂದ ಬಂದ ಬೆಲೆಯನ್ನು ಬಳಸುತ್ತದೆ, ಸೆಟ್ ಇಲ್ಲದಿದ್ದರೆ ಸುತ್ತುತ್ತಲೇ ಇರುತ್ತೀರಿ. ಕಾನ್‌ಸ್ಟಂಟ್ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಆರ್ಗ್ಯುಮೆಂಟ್ ಸಿಕ್ಕರೆ ಅದನ್ನು ಬರೆದಿಟ್ಟುಕೊಳ್ಳಿ. ಆರ್ಗ್ಯುಮೆಂಟ್ ಇನ್‌ಸ್ಟ್ರಕ್ಷನ್ ಅಲ್ಲ, ಹಾಗಾಗಿ ಸುಮ್ನೆ ಇನ್‌ಸ್ಟ್ರಕ್ಷನ್‌ಗೆ ಡೈನ್‌ಕಾಸ್ಟ್ ಮಾಡಿ ಬಿಟ್ಟರೆ ಅದು ಕೈತಪ್ಪುತ್ತದೆ. ಈ ಫಂಕ್ಷನನ್ನು ಕರೆದ ಫಂಕ್ಷನ್‌ವರೆಗೂ ಹೋಗಬೇಕಾದರೆ ಆ ಆರ್ಗ್ಯುಮೆಂಟ್‌ನಿಂದಲೇ ಮುಂದುವರಿಯಬೇಕು.

ಈಗ %8ರಿಂದ ಹೊರಡಿ. ಸಿಗುವುದು %0 ಅಂದರೆ ತೂಕ, %1 ಅಂದರೆ ದರ, ಮತ್ತೆ ಫೈ ಮೂಲಕ 40 ಹಾಗೂ 0. ಪಟ್ಟಿ ನೋಡಿ. ಪಟೋರ ಎಲ್ಲಿ? ಬಂದೇ ಇಲ್ಲ! ಸರಪಳಿ ತುಂಡಾಗುವ ಮೊದಲ ಜಾಗ ಇದು. ಪಟೋರದಿಂದ ಮೊತ್ತ ಬದಲಾಗುತ್ತದೆ ಎಂದು ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು. ಆದರೆ ಫೈಗೆ ಎರಡು ಬೆಲೆಗಳು ಮಾತ್ರ ಆಪರೆಂಡ್. ಯಾವ ಬೆಲೆ ಎಂಬ ತೀರ್ಮಾನ ಯಾವ ದಾರಿಯಿಂದ ಬಂದೆವು ಎಂಬುದರಲ್ಲಿದೆ, ದಾರಿಯ ತೀರ್ಮಾನ %3ರ ಬಿಆರ್‌ನಲ್ಲಿದೆ. ಇದನ್ನು ಕಂಟ್ರೋಲ್ ಡಿಪೆಂಡೆನ್ಸ್ ಎನ್ನುತ್ತಾರೆ. ಬೆಲೆಯ ಅವಲಂಬನೆ ಮತ್ತು ಈ ದಾರಿಯ ಅವಲಂಬನೆ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಸೇರಿಸಿ ತೋರಿಸಿದವರು ಫೆರಾಂಟೆ, ಒಟ್ಟೆನ್‌ಸ್ಟೈನ್, ವಾರನ್, 1987ರಲ್ಲಿ. ಎಸ್‌ಎಸ್‌ಎಗೆ (ಒಂದು ಹೆಸರಿಗೆ ಒಂದೇ ಸಲ ಬೆಲೆ ಕೊಡುವ ಐಆರ್ ರೂಪ) ಬೇಕಾದ ಫೈಗಳನ್ನು ಎಲ್ಲಿ ಇಡಬೇಕು ಎಂದು ಬೇಗ ಕಂಡುಹಿಡಿಯುವ ವಿಧಾನ 1991ರ ಪ್ರಬಂಧದಲ್ಲಿದೆ, ಸೈಟ್ರನ್, ಫೆರಾಂಟೆ, ರೋಸನ್, ವೆಗ್‌ಮನ್, ಝಾಡೆಕ್ ಐವರದ್ದು. ಫ್ಲೋ ಗ್ರಾಫನ್ನು (ಬ್ಲಾಕ್‌ಗಳ ನಡುವಿನ ದಾರಿಗಳ ನಕ್ಷೆ) ತಿರುಗಿಸಿ ಅದೇ ವಿಧಾನ ಹಾಕಿದರೆ ಕಂಟ್ರೋಲ್ ಡಿಪೆಂಡೆನ್ಸ್ ಸಿಗುತ್ತದೆ ಎಂಬುದೂ ಅದೇ ಪ್ರಬಂಧದಲ್ಲಿದೆ. ಇಡೀ ವಿಷಯದಲ್ಲಿ ನನಗೆ ಅತಿ ಚಂದ ಅನಿಸುವುದು ಇದು.

ಕೈಯಲ್ಲಿ ಮಾಡುವ ಕ್ರಮ ಕಷ್ಟವಿಲ್ಲ. ಎಲ್‌ಎಲ್‌ವಿಎಂ ಪೋಸ್ಟ್‌ಡಾಮಿನೇಟರ್ ಟ್ರೀ ಕೊಡುತ್ತದೆ. ಒಂದು ಬ್ಲಾಕಿನಿಂದ ಯಾವ ದಾರಿಯಲ್ಲಿ ಹೋದರೂ ಕೊನೆ ಮುಟ್ಟುವ ಮೊದಲು ಇನ್ನೊಂದು ಬ್ಲಾಕನ್ನು ದಾಟಲೇಬೇಕು ಅಂತಾದರೆ, ಆ ಇನ್ನೊಂದು ಇದರ ಪೋಸ್ಟ್‌ಡಾಮಿನೇಟರ್. ಈಗ ಕವಲು ಇರುವ ಬ್ಲಾಕ್ %3 ತೆಗೆದುಕೊಳ್ಳಿ. ಅದರ ಅತಿ ಹತ್ತಿರದ ಪೋಸ್ಟ್‌ಡಾಮಿನೇಟರ್ %6. ಕವಲಿನ ಒಂದು ತುದಿ %5. ಅಲ್ಲಿಂದ ಟ್ರೀಯಲ್ಲಿ ಮೇಲಕ್ಕೆ ಹತ್ತುತ್ತಾ ಹೋಗಿ, %6 ಸಿಕ್ಕಾಗ ನಿಲ್ಲಿಸಿ. ನಡುವೆ ದಾಟಿದ್ದು %5 ಒಂದೇ. ಹಾಗಾದರೆ %5 ಓಡುವುದೋ ಇಲ್ಲವೋ ಎಂಬುದು %3ರ ಕವಲಿನ ಕೈಯಲ್ಲಿದೆ. ಕವಲಿನ ಇನ್ನೊಂದು ತುದಿ %6ಕ್ಕೇ ಹೋಗುತ್ತದೆ, ಅಲ್ಲಿ ಹತ್ತುವುದೇನೂ ಇಲ್ಲ.

ಆಮೇಲೆ ವರ್ಕ್‌ಲಿಸ್ಟ್‌ಗೆ ಒಂದು ನಿಯಮ ಸೇರಿಸಿ. ಫೈ ಸಿಕ್ಕಿತು ಅಂದರೆ, ಅದಕ್ಕೆ ಬೆಲೆ ತರುವ ಬ್ಲಾಕ್‌ಗಳು ಯಾವ ಕವಲುಗಳ ಕೈಯಲ್ಲಿವೆ ನೋಡಿ, ಆ ಕವಲುಗಳ ಕಂಡೀಷನ್‌ಗಳನ್ನೂ ಲಿಸ್ಟ್‌ಗೆ ಹಾಕಿ. ಇಲ್ಲಿ %5 ಮೂಲಕ %3ರ ಬಿಆರ್ ಸಿಗುತ್ತದೆ, ಅದರಿಂದ %4, ಅದರಿಂದ %2. ಪಟೋರ ಬಂತು. ಎಲ್‌ಎಲ್‌ವಿಎಂನ ಎಡಿಸಿಇ ಪಾಸ್, ಅಂದರೆ ಬಳಕೆಗೆ ಬಾರದ ಕೋಡ್ ಅಳಿಸುವ ಪಾಸ್, ಹೆಚ್ಚುಕಡಿಮೆ ಹೀಗೇ ಕೆಲಸ ಮಾಡುತ್ತದೆ. ಅದರ ಸೋರ್ಸ್ ಓದಿ. ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಇದರಲ್ಲಿ ಇನ್ನೊಂದು ವಿಷಯ ಇದೆ. ನಿಮ್ಮ ಪಾಸ್‌ಗಿಂತ ಮೊದಲು ಸಿಂಪ್ಲಿಫೈಸಿಎಫ್‌ಜಿ (ಕವಲುಗಳನ್ನು ಸರಳ ಮಾಡುವ ಪಾಸ್) ಓಡಿದರೆ ಈ ಪುಟ್ಟ ಕವಲು ಹೋಗಿ ಫೈ ಜಾಗದಲ್ಲಿ ಸೆಲೆಕ್ಟ್ ಬರಬಹುದು. ಸೆಲೆಕ್ಟ್‌ಗೆ ಕಂಡೀಷನ್ ಕೂಡ ಒಂದು ಆಪರೆಂಡ್. ಆಗ ಬರೀ ಆಪರೆಂಡ್ ಹಿಡಿದು ಹೋದವರಿಗೂ ಪಟೋರ ಸಿಗುತ್ತದೆ. ಅದೇ ಪ್ರೋಗ್ರಾಂ, ಅದೇ ಪಾಸ್, ಪೈಪ್‌ಲೈನ್‌ನಲ್ಲಿ ಇಟ್ಟ ಜಾಗ ಬೇರೆಯಾದ ಕಾರಣ ಉತ್ತರ ಬೇರೆ. ಕಂಟ್ರೋಲ್ ಡಿಪೆಂಡೆನ್ಸ್ ಸೇರಿಸಿದ ಪಾಸ್‌ನಲ್ಲಿ ಎರಡೂ ಕಡೆ ಪಟೋರ ಬರುತ್ತದೆ. ನಿಮ್ಮ ಪಾಸ್ ಸರಿ ಇದೆಯಾ ಎಂದು ಪರೀಕ್ಷಿಸಲು ಇದು ಸುಲಭದ ದಾರಿ, ಅಲ್ವಾ?

ಇನ್ನು ಸರಪಳಿ ತುಂಡಾಗುವ ಎರಡನೆಯ ಜಾಗ. ಮೆಮ್‌ಟುರೆಗ್ ಎಲ್ಲವನ್ನೂ ಹೊರಗೆ ತರಲಾರದು. ವಿಳಾಸವನ್ನು ಬೇರೆ ಫಂಕ್ಷನ್‌ಗೆ ಕೊಟ್ಟ ವೇರಿಯಬಲ್, ಗ್ಲೋಬಲ್, ಮಾಲಾಕ್‌ನಿಂದ ಬಂದ ಜಾಗ, ಇಂಡೆಕ್ಸ್ ಬದಲಾಗುವ ಅರೇ ಇವೆಲ್ಲ ಮೆಮೊರಿಯಲ್ಲೇ ಉಳಿಯುತ್ತವೆ. ಸ್ಟ್ರಕ್ಟ್‌ಗಳನ್ನು ಮಾತ್ರ ಎಸ್‌ಆರ್‌ಒಎ ಪಾಸ್ ಬಿಡಿಬಿಡಿ ಮಾಡಿ ಕೊಡುತ್ತದೆ, ಹಾಗಾಗಿ ಮೆಮ್‌ಟುರೆಗ್ ಬದಲು ಅದನ್ನೇ ಓಡಿಸುವುದು ಒಳ್ಳೆಯದು. ಉಳಿದದ್ದಕ್ಕೆ ಮೆಮೊರಿಎಸ್‌ಎಸ್‌ಎ ಬೇಕು. ಅದು ಇಡೀ ಮೆಮೊರಿಯನ್ನು ಒಂದೇ ವೇರಿಯಬಲ್ ಎಂದು ಎಣಿಸಿ, ಬರೆಯಬಹುದಾದ ಪ್ರತಿ ಇನ್‌ಸ್ಟ್ರಕ್ಷನ್‌ಗೆ ಒಂದು ಮೆಮೊರಿಡೆಫ್, ಓದುವುದಕ್ಕೆ ಮೆಮೊರಿಯೂಸ್, ದಾರಿಗಳು ಕೂಡುವಲ್ಲಿ ಮೆಮೊರಿಫೈ ಇಡುತ್ತದೆ.

ಅಡಿಕೆ ಲೆಕ್ಕದಲ್ಲಿ ಬೇರೆ ಬೇರೆ ಬಗೆಗೆ ಬೇರೆ ದರ ಇಟ್ಟುಕೊಂಡು ದರ[ಬಗೆ] ಎಂದು ಓದುತ್ತೀರಿ ಎನ್ನಿ. ಅದಕ್ಕಿಂತ ಮೊದಲು ದರ[0] ಮತ್ತು ದರ[1]ಕ್ಕೆ ಸ್ಟೋರ್ ಆಗಿದೆ. ಮೆಮೊರಿಎಸ್‌ಎಸ್‌ಎ ವಾಕರ್‌ಗೆ (ಹಿಂದಕ್ಕೆ ಹೋಗಿ ಹುಡುಕಿಕೊಡುವ ಭಾಗ) ಆ ಲೋಡ್ ಕೊಟ್ಟರೆ ಅತಿ ಹತ್ತಿರದ, ಅಂದರೆ ದರ[1]ರ ಸ್ಟೋರ್ ತೋರಿಸುತ್ತದೆ. ಇಲ್ಲಿಗೆ ಮುಗಿಯಿತು ಎಂದು ತಿಳಿದರೆ ತಪ್ಪು. ಅದು ಹೇಳಿದ್ದು ಈ ಸ್ಟೋರ್ ಆ ಜಾಗವನ್ನು ಬದಲಿಸಿರಬಹುದು ಎಂದು ಮಾತ್ರ. ಬಗೆ 0 ಆಗಿದ್ದರೆ ಬೆಲೆ ಬಂದದ್ದು ಅದಕ್ಕಿಂತ ಹಿಂದಿನ ಸ್ಟೋರ್‌ನಿಂದ. ಆದ್ದರಿಂದ ಏಲಿಯಾಸ್ ಅನಾಲಿಸಿಸ್‌ಗೆ (ಎರಡು ವಿಳಾಸ ಒಂದೇ ಜಾಗದ್ದೇ ಎಂದು ಹೇಳುವ ವಿಶ್ಲೇಷಣೆ) ಎರಡೂ ಜಾಗ ಕೊಟ್ಟು ಕೇಳಿ. ಮಸ್ಟ್‌ಏಲಿಯಾಸ್ (ಖಂಡಿತ ಒಂದೇ) ಬಂದು, ಸ್ಟೋರ್ ನಿಮ್ಮ ಲೋಡ್‌ನ ಅಷ್ಟೂ ಬೈಟ್‌ಗಳನ್ನು ಮುಚ್ಚಿದರೆ ನಿಲ್ಲಿಸಿ. ಮೇಏಲಿಯಾಸ್ (ಒಂದೇ ಇರಬಹುದು) ಬಂದರೆ ಆ ಸ್ಟೋರನ್ನು ಪಟ್ಟಿಗೆ ಸೇರಿಸಿ, ಇನ್ನೂ ಹಿಂದಕ್ಕೆ ಹೋಗಿ, ಫಂಕ್ಷನ್ ಶುರುವಾಗುವ ಲೈವ್‌ಆನ್‌ಎಂಟ್ರಿ ತನಕ. ಹಿಂದಕ್ಕೆ ಹೋಗುವಾಗ ವಾಕರ್‌ಗೆ ಆ ಡೆಫ್ ಒಂದನ್ನೇ ಕೊಡಬೇಡಿ. ಹಾಗೆ ಕೊಟ್ಟರೆ ಅದು ಆ ಸ್ಟೋರ್ ಬರೆದ ಜಾಗವನ್ನು ಹುಡುಕುತ್ತದೆ, ನಿಮ್ಮ ಲೋಡ್ ಓದಿದ ಜಾಗವನ್ನಲ್ಲ. ಆ ಡೆಫ್‌ನ ಡಿಫೈನಿಂಗ್ ಆಕ್ಸೆಸ್ (ಅದಕ್ಕಿಂತ ಹಿಂದಿನ ಡೆಫ್ ಅಥವಾ ಮೆಮೊರಿಫೈ) ತೆಗೆದು, ಜೊತೆಗೆ ಲೋಡ್‌ನ ಮೆಮೊರಿಲೊಕೇಷನ್ ಕೊಟ್ಟು ಕರೆಯಿರಿ. ಮೆಮೊರಿಫೈ ಸಿಕ್ಕರೆ ಅದರ ಪ್ರತಿ ದಾರಿಯಲ್ಲೂ ಹೀಗೇ ಹೋಗಬೇಕು, ಮಾಮೂಲಿ ಫೈಗೆ ಮಾಡಿದ ಹಾಗೆ ಕವಲುಗಳನ್ನೂ ಸೇರಿಸಬೇಕು. ಷರತ್ತಿನ ಮೇಲೆ ಓಡುವ ಸ್ಟೋರ್‌ಗಳಿಗೂ ಅದೇ ಮಾತು.

ಎಷ್ಟು ದೂರ ಹೋಗಬೇಕು ಎಂಬುದು ನಿಮ್ಮ ಪಾಸ್‌ನ ಕೆಲಸದ ಮೇಲೆ ಹೋಗುತ್ತದೆ. ಗುಟ್ಟಿನ ಡೇಟಾ ಎಲ್ಲಿಗೆ ಹರಿಯಿತು ಎಂದು ನೋಡುವ ಪಾಸ್ ಆದರೆ ಕಂಟ್ರೋಲ್ ಡಿಪೆಂಡೆನ್ಸ್ ಬಿಟ್ಟರೆ ಪ್ರಯೋಜನವೇ ಇಲ್ಲ. ಇನ್‌ಸ್ಟ್ರಕ್ಷನ್‌ಗಳ ಜಾಗ ಬದಲಿಸುವ ಪಾಸ್ ಆದರೆ ಓದಿದ ಮೇಲೆ ಬರೆಯುವುದು, ಬರೆದ ಮೇಲೆ ಮತ್ತೆ ಬರೆಯುವುದು ಇಂಥ ಕ್ರಮಗಳೂ ಮುಖ್ಯ. ಎಸ್‌ಎಸ್‌ಎಯಲ್ಲಿ ಒಂದು ಹೆಸರಿಗೆ ಒಂದೇ ಸಲ ಬೆಲೆ ಸಿಗುವುದರಿಂದ ಅವು ರಿಜಿಸ್ಟರ್ ಬೆಲೆಗಳಿಗೆ ಇಲ್ಲ, ಮೆಮೊರಿಗೆ ಮಾತ್ರ ಇವೆ.

ಕೊನೆಗೆ ನೀವು ಕೇಳಿದ ವೇರಿಯಬಲ್ ಹೆಸರು. ಐಆರ್‌ನಲ್ಲಿ ಪಟೋರ ಎಂಬ ಹೆಸರಿಲ್ಲ, %2 ಮಾತ್ರ ಇದೆ. ಕಲಿಯುವಾಗ ಕಣ್ಣಿಗೆ ಕಾಣಲು ಎಫ್‌ನೋ-ಡಿಸ್ಕಾರ್ಡ್-ವ್ಯಾಲ್ಯೂ-ನೇಮ್ಸ್ ಫ್ಲ್ಯಾಗ್ ಸಾಕು. ಆದರೆ ಪಾಸ್‌ನ ಒಳಗೆ ಆ ಹೆಸರುಗಳನ್ನು ನಂಬಬೇಡಿ. ಪಾಸ್ ಬಳಸುವವರಿಗೆ ತೋರಿಸುವ ಹೆಸರು ಬೇಕಾದರೆ ಜಿ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿ ಡೀಬಗ್ ಮಾಹಿತಿಯಿಂದ ತೆಗೆಯಬೇಕು. ಎಲ್‌ಎಲ್‌ವಿಎಂ 19ರಿಂದ ಈ ಮಾಹಿತಿ ಇನ್‌ಸ್ಟ್ರಕ್ಷನ್ ರೂಪದಲ್ಲಿ ಇರುವುದಿಲ್ಲ, ಡೀಬಗ್ ರೆಕಾರ್ಡ್ ಆಗಿ ಇನ್‌ಸ್ಟ್ರಕ್ಷನ್‌ಗೆ ಅಂಟಿಕೊಂಡಿರುತ್ತದೆ. ಹಳೆಯ ಪಾಠ ನೋಡಿ ಡಿಬಿಜಿ ಕಾಲ್‌ಗಳನ್ನು ಹುಡುಕುವ ಕೋಡ್ ಬರೆದಿದ್ದರೆ ಹೊಸ ಆವೃತ್ತಿಯಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ. ಮೊದಲು ಆವೃತ್ತಿ ಯಾವುದು ನೋಡಿಕೊಳ್ಳಿ.