ಸಬ್ರೊಗೇಷನ್: ಇನ್ನೊಬ್ಬರ ಜಾಗದಲ್ಲಿ ನಿಂತು ಕೇಳುವ ಹಕ್ಕು

ದಾವಣಗೆರೆಯ ಎಪಿಎಂಸಿ ಪ್ರಾಂಗಣದಿಂದ ಮೆಕ್ಕೆಜೋಳವೋ ಹತ್ತಿಯೋ ಲಾರಿ ಹತ್ತುವ ಮುನ್ನ ವರ್ತಕರು ಮಾಡಿಸುವ ಸಾಗಣೆ ವಿಮೆಗೆ ‘ಮರೀನ್ ಪಾಲಿಸಿ’ ಎಂದೇ ಹೆಸರು. ಮಾಲು ಹುಬ್ಬಳ್ಳಿಯಲ್ಲೇ ಇಳಿದು ಕಡಲನ್ನು ಕಾಣದೆ ಹೋದರೂ ಹೆಸರು ಬದಲಾಗುವುದಿಲ್ಲ. ಸರಕು ವಿಮೆಯ ಕಟ್ಟುಪಾಡುಗಳು ಹಡಗಿನ ವ್ಯಾಪಾರದಲ್ಲಿ ರೂಪುಗೊಂಡು ಆಮೇಲೆ ರಸ್ತೆಗೆ ಬಂದವು. ಹಾಗೆ ಬಂದ ಪದಗಳಲ್ಲಿ ‘ಸಬ್ರೊಗೇಷನ್’ ಒಂದು. ಕ್ಲೇಮು ಮಂಜೂರಾದಾಗ ವಿಮಾ ಕಂಪನಿಯವರು ‘ಲೆಟರ್ ಆಫ್ ಸಬ್ರೊಗೇಷನ್’ ಎಂಬ ಛಾಪಾ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಓಡಾಡಿ ದಣಿದ ವರ್ತಕರು ಅದನ್ನು ಓದುವುದು ಅಪರೂಪ. ವಿಮೆ ಮತ್ತು ಸಾಗಣೆಯ ದಾವೆಗಳನ್ನು ನಡೆಸುತ್ತ ಬಂದ ವಕೀಲನಾಗಿ ನನ್ನ ಅನುಭವವೆಂದರೆ, ಈ ವೃತ್ತಿಯ ಬಹುಪಾಲು ಕೆಲಸ ಆ ಕಾಗದದಿಂದಲೇ ಆರಂಭವಾಗುತ್ತದೆ.

ಒಬ್ಬರ ಬದಲಿಗೆ ಇನ್ನೊಬ್ಬರನ್ನು ಆರಿಸಿ ನಿಲ್ಲಿಸುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಈ ಪದ ಬಂದಿದೆ. ಕನ್ನಡದಲ್ಲಿ ಸ್ಥಾನಾಪನ್ನತೆ ಎನ್ನಬಹುದು. ಆದರೆ ಕೋರ್ಟಿನಲ್ಲಿ, ವಿಮಾ ಕಚೇರಿಯಲ್ಲಿ ಎಲ್ಲರೂ ಸಬ್ರೊಗೇಷನ್ ಎಂದೇ ಹೇಳುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ಪದ ಹೊಸದಾದರೂ ಸಂಗತಿ ನಮಗೆ ಗೊತ್ತಿರುವುದೇ. ಸೊಸೈಟಿಯಲ್ಲಿ ನೆಂಟರ ಸಾಲಕ್ಕೆ ಜಾಮೀನು ನಿಂತವರು, ಸಾಲಗಾರರು ಕೈಯೆತ್ತಿದಾಗ ತಾವೇ ಬಾಕಿ ತೀರಿಸಿದರೆ, ಸಾಲ ಕೊಟ್ಟವರಿಗೆ ಸಾಲಗಾರರ ಮೇಲಿದ್ದ ಹಕ್ಕುಗಳೆಲ್ಲ ಆ ಜಾಮೀನುದಾರರಿಗೆ ದಕ್ಕುತ್ತವೆ ಎಂದು 1872ರ ಕರಾರು ಕಾಯಿದೆಯ 140ನೇ ಕಲಂ ಹೇಳುತ್ತದೆ. ಹಣ ಕೊಟ್ಟವರು ಆ ಹಣ ಪಡೆದವರ ಜಾಗಕ್ಕೆ ಬಂದು ನಿಲ್ಲುತ್ತಾರೆ. ವಿಮೆಯಲ್ಲಿ ಆಗುವುದೂ ಇದೇ.

ಹರಿಹರದಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಟ ಲಾರಿಯ ಟಾರ್ಪಾಲನ್ನು ಸರಿಯಾಗಿ ಬಿಗಿಯದ ಕಾರಣ ಘಟ್ಟದ ಮಳೆಗೆ ಹತ್ತು ಲಕ್ಷ ರೂಪಾಯಿಯ ಮೆಕ್ಕೆಜೋಳ ನೆನೆದು ಹಾಳಾಯಿತು ಎಂದುಕೊಳ್ಳೋಣ. ವರ್ತಕರಿಗೆ ಈಗ ಎರಡು ದಾರಿಗಳಿವೆ: ಪಾಲಿಸಿಯ ಪ್ರಕಾರ ವಿಮಾ ಕಂಪನಿಯನ್ನು ಕೇಳಬಹುದು, ಸಾಗಣೆಯ ಕರಾರಿನ ಪ್ರಕಾರ ಟ್ರಾನ್ಸ್‌ಪೋರ್ಟಿನವರನ್ನೂ ಕೇಳಬಹುದು. ಎರಡು ಕಡೆಯಿಂದಲೂ ಪಡೆದರೆ ನಷ್ಟವೇ ಲಾಭವಾಗಿಬಿಡುತ್ತದೆ. ವಿಮಾ ಕಂಪನಿ ಕೊಟ್ಟಿತೆಂದು ಟ್ರಾನ್ಸ್‌ಪೋರ್ಟಿನವರನ್ನು ಬಿಟ್ಟರೆ ತಪ್ಪು ಮಾಡಿದವರು ಬೇರೆಯವರ ಪ್ರೀಮಿಯಮ್ಮಿನ ನೆರಳಿನಲ್ಲಿ ಪಾರಾಗುತ್ತಾರೆ. ಈ ಎರಡನ್ನೂ ತಡೆಯಲು, ಪರಿಹಾರ ಕೊಟ್ಟ ವಿಮಾದಾರರು, ಅಂದರೆ ವಿಮಾ ಕಂಪನಿಯವರು, ವರ್ತಕರ ಜಾಗದಲ್ಲಿ ನಿಂತು ಟ್ರಾನ್ಸ್‌ಪೋರ್ಟಿನವರಿಂದ ವಸೂಲು ಮಾಡಬಹುದು ಎಂದು ಕಾನೂನು ಹೇಳುತ್ತದೆ. ನಮ್ಮ 1963ರ ಕಡಲ ವಿಮಾ ಕಾಯಿದೆಯ 79ನೇ ಕಲಂ ಈ ಹಕ್ಕನ್ನು ಅವಘಡ ನಡೆದ ಗಳಿಗೆಯಿಂದಲೇ ಲೆಕ್ಕ ಹಿಡಿಯುತ್ತದೆ. ನಷ್ಟ ತುಂಬುವ ವಿಮೆಗೆ ಮಾತ್ರ ಇದು ಅನ್ವಯ. ಜೀವ ವಿಮೆಯಲ್ಲಿ ಇಲ್ಲ, ಏಕೆಂದರೆ ಅಲ್ಲಿ ಕೊಡುವುದು ಮೊದಲೇ ಗೊತ್ತುಮಾಡಿದ ಮೊತ್ತ, ಅಳೆದು ನೋಡಿದ ನಷ್ಟವಲ್ಲ.

ಹಕ್ಕಿನ ಮಿತಿಯನ್ನು ತೋರಿಸಲು ‘ಬ್ಲೇರ್‌ನೆವಿಸ್’ ಹಡಗಿನ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1945ರಲ್ಲಿ ಆ ಬ್ರಿಟಿಷ್ ಹಡಗಿಗೆ ಕೆನಡಾ ಸರ್ಕಾರದ ಹಡಗು ಡಿಕ್ಕಿ ಹೊಡೆಯಿತು. ವಿಮಾದಾರರು ಪಾಲಿಸಿಯ ಮೊತ್ತವಾದ 72,000 ಪೌಂಡ್ ಕೊಟ್ಟರು. ಹಡಗಿನ ಮಾಲೀಕರು ಕೆನಡಾ ಸರ್ಕಾರದ ಮೇಲೆ ಹೂಡಿದ ದಾವೆ ವರ್ಷಗಟ್ಟಲೆ ನಡೆದು ಕೊನೆಗೆ ಗೆದ್ದಿತು. ಆದರೆ ಅಷ್ಟರಲ್ಲಿ, 1949ರಲ್ಲಿ, ಪೌಂಡಿನ ಬೆಲೆ ಇಳಿಸಲಾಗಿತ್ತು; ಡಾಲರಿನಲ್ಲಿ ಬಂದ ಪರಿಹಾರವನ್ನು ಪೌಂಡಿಗೆ ತಿರುಗಿಸಿದಾಗ ಅದು ಸುಮಾರು 1,27,000 ಪೌಂಡ್ ಆಯಿತು. ಹೆಚ್ಚಿಗೆ ಬಂದ ಸುಮಾರು 55,000 ಪೌಂಡ್ ಯಾರದು? ವಿಮಾದಾರರು ತಮ್ಮದೆಂದರು. ಇಂಗ್ಲೆಂಡಿನ ನ್ಯಾಯಮೂರ್ತಿ ಡಿಪ್ಲಾಕ್ ಒಪ್ಪಲಿಲ್ಲ. ವಿಮಾದಾರರು ಕೊಟ್ಟಷ್ಟನ್ನು ಹಿಂದಕ್ಕೆ ಪಡೆಯಬಹುದೇ ಹೊರತು ಅದಕ್ಕಿಂತ ಒಂದು ಪೌಂಡನ್ನೂ ಈ ಹಕ್ಕಿನಿಂದ ಪಡೆಯುವಂತಿಲ್ಲ ಎಂದು ತೀರ್ಪಾಯಿತು. ಜಾಗದಲ್ಲಿ ನಿಂತವರು ಜಾಗದ ಒಡೆಯರಾಗುವುದಿಲ್ಲ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಒಡೆತನವೇ ಕೈ ಬದಲಾಯಿಸಿದರೆ ಅದು ಅಸೈನ್‌ಮೆಂಟ್, ಅಂದರೆ ಹಕ್ಕಿನ ವರ್ಗಾವಣೆ. ಈ ಎರಡನ್ನು ಬೆರೆಸಿಕೊಂಡು ನಮ್ಮ ನ್ಯಾಯಾಲಯಗಳಲ್ಲಿ ಬಹಳ ಕಾಲ ಗೊಂದಲವಿತ್ತು. 2010ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ತೀರ್ಪು ಬರೆದವರು ನಮ್ಮ ಹೈಕೋರ್ಟಿನಲ್ಲಿ ಹಿಂದೆ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಅದು ಲಾರಿ ಅಪಘಾತದಲ್ಲಿ ಹಾಳಾದ ಹತ್ತಿನೂಲಿನ ಪ್ರಕರಣ; ವಿಮಾ ಕಂಪನಿ ಕೊಟ್ಟಿದ್ದು ಸುಮಾರು 4.47 ಲಕ್ಷ ರೂಪಾಯಿ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವನಾದ್ದರಿಂದಲೋ ಏನೋ, ಆ ತೀರ್ಪನ್ನು ನಾನು ನಮ್ಮ ಮನೆಯ ವಿಷಯದಂತೆ ಓದಿದ್ದೇನೆ. ಬರಿಯ ಸಬ್ರೊಗೇಷನ್ ಆಗಿದ್ದರೆ ಹಕ್ಕು ವಿಮೆ ಮಾಡಿಸಿದವರಲ್ಲೇ ಉಳಿಯುತ್ತದೆ, ಆದ್ದರಿಂದ ದಾವೆ ಅವರ ಹೆಸರಿನಲ್ಲೇ ನಡೆಯಬೇಕು ಅಥವಾ ಇಬ್ಬರೂ ಸೇರಿ ಹೂಡಬೇಕು. ಪತ್ರದಲ್ಲಿ ‘ಅಸೈನ್’ ಎಂಬ ಪದ ಬಂದ ಮಾತ್ರಕ್ಕೆ ಅದು ವರ್ಗಾವಣೆಯಾಗುವುದಿಲ್ಲ, ಇಡೀ ಪತ್ರದ ಉದ್ದೇಶವನ್ನು ನೋಡಬೇಕು ಎಂದು ಪೀಠ ಹೇಳಿತು.

ಈ ವ್ಯತ್ಯಾಸ ವಿಚಾರಣೆಯ ದಿನ ವಕೀಲರ ಮೈಮೇಲೆ ಬರುತ್ತದೆ. ವಾದಿಯ ಜಾಗದಲ್ಲಿರುವುದು ವರ್ತಕರ ಹೆಸರು, ಆದರೆ ಅವರಿಗೆ ಹಣ ಆಗಲೇ ಬಂದಿದೆ. ಫಲಿತಾಂಶ ಬೇಕಿರುವುದು ವಿಮಾ ಕಂಪನಿಗೆ, ಆದರೆ ಕಂಪನಿಯವರು ಮಾಲು ತುಂಬಿದ್ದನ್ನೂ ನೆನೆದದ್ದನ್ನೂ ಕಂಡವರಲ್ಲ. ಅಂಗಡಿ ಬಿಟ್ಟು ಮೂರ್ನಾಲ್ಕು ವಾಯಿದೆ ತಿರುಗಲು ವರ್ತಕರಿಗೆ ಮನಸ್ಸಿರುವುದಿಲ್ಲ. ಒಮ್ಮೆ ನನ್ನ ಸಾಕ್ಷಿಯಾಗಿದ್ದ ಹಿರಿಯ ವರ್ತಕರೊಬ್ಬರು, “ವಕೀಲ್ರೇ, ನನ್ ದುಡ್ಡು ನನಗೆ ಬಂತಲ್ಲ, ಇನ್ಯಾಕ್ರೀ ನಾನು ಕಟಕಟೆ ಹತ್ಬೇಕು?” ಎಂದು ಕೇಳಿದರು. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳಿದ್ದೂ ಸರಿಸುಮಾರು ಅದನ್ನೇ: ನಿಮಗೆ ಪೂರ್ತಿ ಪರಿಹಾರ ಸಿಕ್ಕಿದೆಯಲ್ಲವೇ? ಸಿಕ್ಕಿದೆ ಎಂದೇ ಹೇಳಿ ಎಂದು ನಾನು ಮೊದಲೇ ತಿಳಿಸಿದ್ದೆ. ಆ ಉತ್ತರದಿಂದ ದಾವೆ ಬೀಳುವುದಿಲ್ಲ. ತಾವು ಮಾಡಿದ ನಷ್ಟವನ್ನು ಬೇರೆಯವರು ತುಂಬಿದರು ಎಂಬುದು ಸಾಗಣೆದಾರರಿಗೆ ರಕ್ಷಣೆಯಾಗುವುದಿಲ್ಲ. ಮುಚ್ಚಿಡಲು ಹೋದ ಸಾಕ್ಷಿಯ ಉಳಿದ ಮಾತುಗಳೂ ನಂಬಿಕೆ ಕಳೆದುಕೊಳ್ಳುತ್ತವೆ. ಅದೇ ರೀತಿ, ನಷ್ಟವನ್ನು ಅಳೆದು ನೋಡುವ ಸರ್ವೇಯರ್ ಕೊಟ್ಟ ವರದಿಯನ್ನು ಕಡತಕ್ಕೆ ಸೇರಿಸಿದರೆ ಸಾಕೆಂದು ಕುಳಿತುಕೊಳ್ಳದೆ ಸರ್ವೇಯರನ್ನೇ ಕರೆಸಿ ಸಾಕ್ಷಿ ಹೇಳಿಸುವುದನ್ನು ನಾನು ತಪ್ಪಿಸಿಲ್ಲ.

ಮಾಲು ಹಡಗು ಹತ್ತಿದ ಮೇಲೆ ಹಾಳಾಗಿದ್ದರೆ ದಾರಿ ಬೇರೆ. ಹಡಗಿನವರು ಮಾಲಿಗೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್ ಪ್ರಕಾರ ಸಾಮಾನ್ಯವಾಗಿ ಮಾಲು ಒಪ್ಪಿಸಿದ ಒಂದು ವರ್ಷದೊಳಗೆ ದಾವೆ ಹೂಡಬೇಕು, ಮತ್ತು ಹಡಗಿನ ವ್ಯಾಜ್ಯಗಳಿಗೆಂದೇ ಇರುವ 2017ರ ಅಡ್ಮಿರಾಲ್ಟಿ ಕಾಯಿದೆಯಡಿ ಕರ್ನಾಟಕ ಹೈಕೋರ್ಟಿಗೂ ಹಡಗನ್ನು ತಡೆದು ನಿಲ್ಲಿಸುವ ಅಧಿಕಾರವಿದೆ. ಅಂಥ ಕಡತಗಳು ಇಲ್ಲಿಂದ ಬೆಂಗಳೂರಿಗೆ ಹೋಗುತ್ತವೆ.

ನಮ್ಮ ವರ್ತಕರಿಗೆ ಹೆಚ್ಚು ತಟ್ಟುವುದು ರಸ್ತೆಯ ನಿಯಮ. ವಿಮಾದಾರರು ನಿಲ್ಲುವುದು ವರ್ತಕರ ಜಾಗದಲ್ಲಾದ್ದರಿಂದ, ವರ್ತಕರು ಕಳೆದುಕೊಂಡ ಹಕ್ಕು ವಿಮಾದಾರರಿಗೂ ಸಿಗುವುದಿಲ್ಲ. ಮಾಲು ಇಳಿಸಿಕೊಂಡಾಗ ಎಲ್‌ಆರ್ (ಲಾರಿ ರಸೀದಿ) ಮೇಲೆ ‘ಒದ್ದೆಯಾಗಿದೆ’ ಎಂದು ಬರೆಸದೆ ಬಿಟ್ಟರೆ, ಅಥವಾ ಹಳೆಯ ಪರಿಚಯದ ಟ್ರಾನ್ಸ್‌ಪೋರ್ಟಿನವರಿಗೆ ‘ನಮ್ಮದೇನೂ ತಕರಾರಿಲ್ಲ’ ಎಂದು ಬರೆದುಕೊಟ್ಟರೆ, ವಿಮಾ ಕಂಪನಿ ಅದೇ ಕಾರಣಕ್ಕೆ ಕ್ಲೇಮನ್ನು ನಿರಾಕರಿಸಬಹುದು ಅಥವಾ ಕೊಟ್ಟ ಹಣವನ್ನು ಹಿಂದಕ್ಕೆ ಕೇಳಬಹುದು. 2007ರ ರಸ್ತೆ ಸಾಗಣೆ ಕಾಯಿದೆಯ 16ನೇ ಕಲಮಿನ ಪ್ರಕಾರ ಸಾಗಣೆದಾರರಿಗೆ ಲಿಖಿತ ನೋಟಿಸು ಕೊಡದೆ ದಾವೆ ಹೂಡುವಂತಿಲ್ಲ, ಮತ್ತು ಆ ನೋಟಿಸು 180 ದಿನಗಳೊಳಗೆ ತಲುಪಬೇಕು. ಆ ಅವಧಿಯ ಎಣಿಕೆ ಮಾಲು ಕೆಟ್ಟ ದಿನದಿಂದಲೋ ಕ್ಲೇಮು ಮಂಜೂರಾದ ದಿನದಿಂದಲೋ ಅಲ್ಲ, ಮಾಲು ಬುಕ್ ಮಾಡಿದ ದಿನದಿಂದ. ಆದ್ದರಿಂದ ಕ್ಲೇಮಿನ ತೀರ್ಮಾನಕ್ಕಾಗಿ ಕಾಯದೆ, ಸರ್ವೇಯರ್ ಬಂದು ಹೋದ ವಾರದಲ್ಲೇ ವರ್ತಕರು ತಮ್ಮ ಹೆಸರಿನಲ್ಲಿ ಸ್ಪೀಡ್ ಪೋಸ್ಟ್ ಮೂಲಕ ನೋಟಿಸು ಕಳುಹಿಸಿ, ಅದರ ರಸೀದಿಯನ್ನು ಎಲ್‌ಆರ್ ಪ್ರತಿಯೊಂದಿಗೆ ಇಟ್ಟುಕೊಳ್ಳಬೇಕು.