ಹತ್ರ ಹೋದ್ರೆ ಹಕ್ಕಿ ಹಾರೋಗತ್ತೆ, ದೊಡ್ಡ ಲೆನ್ಸ್ ತಗೊಂಡ್ರೆ ಸರಿಹೋಗತ್ತಾ?

"ನನ್ನತ್ರ 300 ಎಂಎಂ ಲೆನ್ಸ್ ಇದೆ, ವಸಂತ ಶುರುವಾದಾಗಿಂದ ವಾರವಾರ ಬೆಳಗ್ಗೆ ಒಬ್ನೇ ಹೋಗ್ತೀನಿ, ಆದ್ರೆ ಎಷ್ಟೇ ಮೆಲ್ಲಗೆ ಹತ್ರ ಹೋದ್ರೂ ಹಕ್ಕಿ ಹಾರೋಗತ್ತೆ. 600 ತಗೋಬೇಕಾ?"

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. 300 ಬದ್ಲು 600 ಹಾಕಿದ್ರೆ ನಿಂತ ಜಾಗದಿಂದಾನೇ ಹಕ್ಕಿ ಫ್ರೇಮಲ್ಲಿ ಎರಡರಷ್ಟು ದೊಡ್ಡದಾಗಿ ಕಾಣತ್ತೆ, ಅದು ನಿಜ. ಆದ್ರೆ ನಿಮಗೂ ಹಕ್ಕಿಗೂ ಮಧ್ಯೆ ಗಾಳಿ ಇದೆಯಲ್ಲ, ಬಿಸಿಲೇರಿ ನೆಲ ಕಾದ್ಮೇಲೆ ಅದು ನಡುಗೋಕ್ಕೆ ಶುರುವಾಗತ್ತೆ, ಆಗ ದೂರದಿಂದ ತೆಗೆದ ಫೋಟೋದಲ್ಲಿ ಗರಿಗಳೆಲ್ಲ ಕಲಸಿದ ಹಾಗೆ ಬರತ್ತೆ. ಎಷ್ಟೋ ಜನ ಲೆನ್ಸೇ ಕೆಟ್ಟಿದೆ ಅಂದ್ಕೊಂಡು ರಿಪೇರಿಗೆ ಕೊಡ್ತಾರೆ. ಅದಕ್ಕೇ ನಾನು ಹೇಳೋದು, ದೂರ ಕಮ್ಮಿ ಮಾಡ್ಕೊಳಿ, ಆದ್ರೆ ನೀವು ನಡ್ಕೊಂಡು ಹೋಗಬೇಡಿ, ಹಕ್ಕಿ ಬರ್ಲಿ.

ಹಿಂದಿನಿಂದ ಹೋದ್ರೆ ಕಾಣಲ್ಲ ಅನ್ನೋದು ತಪ್ಪು ಲೆಕ್ಕ. ಪಾರಿವಾಳದಂಥ ಹಕ್ಕಿಗಳಿಗೆ ಕಣ್ಣು ತಲೆಯ ಎರಡೂ ಪಕ್ಕದಲ್ಲಿರೋದ್ರಿಂದ 300 ಡಿಗ್ರಿಗಿಂತ ಜಾಸ್ತಿ ಕಾಣತ್ತೆ, ಅಂದ್ರೆ ಬೆನ್ನ ಹಿಂದೆ ಒಂದು ಸಣ್ಣ ಸೀಳು ಬಿಟ್ರೆ ಸುತ್ತಾ ಎಲ್ಲಾನೂ. ಅದರ ಕಡೆಗೇ ನೇರವಾಗಿ ನಡೆದು ಬರೋ ಯಾವುದೇ ಪ್ರಾಣಿ ಅದಕ್ಕೆ ಬೇಟೆಗೆ ಬಂದ ಹಾಗೇನೇ. ಹಾರೋದಕ್ಕೆ ಮುಂಚೆ ಸೂಚನೆ ಕೊಡತ್ತೆ, ನೋಡಿ: ತಿನ್ನೋದು ನಿಲ್ಲಿಸತ್ತೆ, ಕತ್ತು ಉದ್ದ ಮಾಡತ್ತೆ, ಮೈ ಬಿಗಿ ಹಿಡಿಯತ್ತೆ. ಆಗ ಇನ್ನೊಂದು ಹೆಜ್ಜೆ ಇಡಬಾರದು, ಸಾಧ್ಯ ಆದ್ರೆ ಹಿಂದೆ ಸರಿಬೇಕು.

ಎಲ್ಲಿ ಕೂರಬೇಕು ಅಂತ ಹಕ್ಕಿಯೇ ಹೇಳತ್ತೆ. ಮಿಂಚುಳ್ಳಿ ನೋಡಿ, ನೀರಿನ ಮೇಲೆ ಬಾಗಿರೋ ಅದೇ ಒಂದೆರಡು ಕೊಂಬೆಗೆ ದಿನಾ ಬಂದು ಕೂರತ್ತೆ, ಆ ಕೊಂಬೆ ಮೇಲೋ ಕೆಳಗಿನ ಕಲ್ಲಿನ ಮೇಲೋ ಸುಣ್ಣ ಬಳಿದ ಹಾಗೆ ಬೆಳ್ಳಗೆ ಹಿಕ್ಕೆ ಒಣಗಿರತ್ತೆ. ಅಂಥ ಗುರುತು ಸಿಕ್ರೆ ಅವತ್ತು ಬೇರೆಲ್ಲೂ ಓಡಾಡಬೇಡಿ, ಸೂರ್ಯ ಬೆನ್ನಿಗಿರೋ ಹಾಗೆ, ನಿಮ್ಮ ಹಿಂದೆ ಒಂದು ಪೊದೆ ಇರೋ ಹಾಗೆ ದೂರದಲ್ಲೇ ಕೂತ್ಕೊಳಿ, ಕ್ಯಾಮೆರಾ ಬೀಪ್ ಸೌಂಡ್ ಆಫ್ ಮಾಡಿ, ಅರ್ಧ ಗಂಟೆ ಸುಮ್ನಿರಿ. ಮೊದಲ ಹತ್ತು ನಿಮಿಷ ಏನೂ ಆಗಲ್ಲ, ಆಮೇಲೆ ನಿಂತೋಗಿದ್ದ ಸಣ್ಣಪುಟ್ಟ ಸದ್ದುಗಳು ಒಂದೊಂದಾಗಿ ಮತ್ತೆ ಶುರುವಾಗತ್ತೆ, ಆ ಕ್ಷಣ ನನಗೆ ಫೋಟೋಗಿಂತ ಇಷ್ಟ.

ಸೆಟ್ಟಿಂಗ್ ಮೊದಲೇ ಮಾಡಿಟ್ಕೊಳಿ. ಕೂತಿರೋ ಸಣ್ಣ ಹಕ್ಕಿಗೂ ಶಟರ್ ಸ್ಪೀಡ್ 1/1000 ಸೆಕೆಂಡ್ ಇರ್ಲಿ, ಯಾಕಂದ್ರೆ ಅದು ಕೂತಲ್ಲೇ ತಲೆ ಅಲ್ಲಾಡಿಸ್ತಾನೇ ಇರತ್ತೆ. ಹಾರ್ತಿರೋ ಹಕ್ಕಿಗೆ 1/2000 ಅಥವಾ ಅದಕ್ಕಿಂತ ಜಾಸ್ತಿ ವೇಗ. ಫೋಕಸ್ ಕಣ್ಣಿನ ಮೇಲೆ, ಐಎಸ್ಒ, ಅಂದ್ರೆ ಕ್ಯಾಮೆರಾ ಬೆಳಕನ್ನ ಎಷ್ಟು ಹೆಚ್ಚಿಸಿ ತೋರಿಸ್ಬೇಕು ಅನ್ನೋ ಸೆಟ್ಟಿಂಗ್, ಆಟೋ. ನಾಯ್ಸ್, ಅಂದ್ರೆ ಫೋಟೋದಲ್ಲಿ ಕಾಳುಕಾಳು ಬಂದ್ರೆ ಆಮೇಲೆ ಕಮ್ಮಿ ಮಾಡ್ಬಹುದು, ಶೇಕ್ ಆದ ಫೋಟೋನ ಸರಿ ಮಾಡೋದು ಕಷ್ಟ. ಬೆಳ್ಳಕ್ಕಿಯಂಥ ಬಿಳಿ ಹಕ್ಕಿಯ ಹಿಂದೆ ಕಪ್ಪಗಿದ್ರೆ ಎಕ್ಸ್‌ಪೋಷರ್, ಅಂದ್ರೆ ಫೋಟೋದ ಬೆಳಕು, ಸ್ವಲ್ಪ ಇಳಿಸಿ, ಇಲ್ಲಾಂದ್ರೆ ಗರಿಯ ಗೆರೆಗಳೆಲ್ಲ ಮಾಯ.

ಈಗ ಮುಖ್ಯವಾದ ವಿಷಯ. ನೀವು ಹೋಗ್ತಿರೋದು ವಸಂತದಲ್ಲಿ, ಎಷ್ಟೋ ಹಕ್ಕಿಗಳಿಗೆ ಗೂಡಿನ ಕಾಲ. ಒಂದ್ಸಲ ನಾನು ಒಳ್ಳೆ ಜಾಗ ಸಿಕ್ತು ಅಂತ ಕೂತಿದ್ದೆ, ಒಂದು ಪುಟ್ಟ ಹಕ್ಕಿ ಕೊಕ್ಕಲ್ಲಿ ಹಸಿರು ಹುಳ ಕಚ್ಕೊಂಡು ಆ ಕೊಂಬೆ ಈ ಕೊಂಬೆ ಅಂತ ಹಾರ್ತಾ ಒಂದೇ ಸಮ ಚಿಕ್ ಚಿಕ್ ಅಂತಿತ್ತು, ಹುಳ ನುಂಗ್ತಾನೂ ಇರ್ಲಿಲ್ಲ, ಎಲ್ಲೂ ಹೋಗ್ತಾನೂ ಇರ್ಲಿಲ್ಲ. ಎಷ್ಟು ಹತ್ರ ಬರ್ತಿದೆ ಅಂತ ಖುಷಿಯಿಂದ ಫೋಟೋ ಮೇಲೆ ಫೋಟೋ ತೆಗೆದೆ. ಆಮೇಲೆ ಹೊಳೀತು, ಗೂಡು ನನ್ನ ಪಕ್ಕದ ಪೊದೇಲೇ ಇದೆ, ನಾನು ಕೂತಿರೋವರೆಗೂ ಮರಿಗಳಿಗೆ ಊಟ ಇಲ್ಲ. ಎದ್ದು ದೂರ ಹೋದೆ, ಒಂದೆರಡು ನಿಮಿಷದಲ್ಲೇ ಅದು ಒಳಗೆ ಹೋಯ್ತು. ಕೊಕ್ಕಲ್ಲಿ ಆಹಾರ ಇಟ್ಕೊಂಡು ಅಲ್ಲಲ್ಲೇ ಸುತ್ತೋ ಹಕ್ಕಿ ಕಂಡ್ರೆ ದಯವಿಟ್ಟು ಎದ್ದುಬಿಡಿ. ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿಗಳಲ್ಲಿ ಕೆಲವು ರೆಕ್ಕೆ ಮುರಿದ ಹಾಗೆ ಎಳೆದಾಡಿ ನಿಮ್ಮನ್ನ ಬೇರೆ ಕಡೆ ಕರ್ಕೊಂಡು ಹೋಗತ್ತೆ, ಅದೂ ಇದೇ ಸಂಕಟ. ಅವುಗಳ ಮೊಟ್ಟೆ ಸುತ್ತಲಿನ ಸಣ್ಣ ಕಲ್ಲಿನ ಹಾಗೇ ಇರತ್ತೆ, ಕಾಲ ಕೆಳಗೆ ನೋಡ್ಕೊಂಡು ಬಂದ ದಾರೀಲೇ ವಾಪಸ್ ಹೋಗಿ.

ಗೂಡು ಚೆನ್ನಾಗಿ ಕಾಣ್ಲಿ ಅಂತ ಒಂದು ಎಲೆ ಕೂಡ ಸರಿಸಬಾರದು, ಆ ಎಲೆಯೇ ಬಿಸಿಲಿಗೂ ಕಾಗೆಗೂ ಅಡ್ಡ. ಫೋನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಬೇಡ, ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಮೇವು ಬಿಟ್ಟು ಜಗಳಕ್ಕೆ ಓಡಿ ಬರತ್ತೆ. ಫೋಟೋ ಹಾಕೋವಾಗ ಗೂಡಿನ ಲೊಕೇಶನ್ ಹಾಕ್ಬೇಡಿ.

ಲೆನ್ಸ್ ವಿಷಯಕ್ಕೆ ಬಂದ್ರೆ, ಈ ಸೀಸನ್ ಪೂರ್ತಿ ನಿಮ್ಮ 300 ಎಂಎಂ ಇಟ್ಕೊಂಡೇ ಒಂದೇ ಜಾಗಕ್ಕೆ ಹೋಗಿ ಕೂತ್ಕೊಳಿ. ಆಮೇಲೂ ಹಕ್ಕಿ ಸಣ್ಣದಾಗೇ ಕಂಡ್ರೆ 600 ತಗೊಳಿ, ಅಷ್ಟೊತ್ತಿಗೆ ಅದನ್ನ ಎಲ್ಲಿಟ್ಟು ಕಾಯಬೇಕು ಅಂತ ನಿಮಗೇ ಗೊತ್ತಿರತ್ತೆ.