ಉದ್ದೀಪನ ಮದ್ದು: ಬಾಟಲಿ ಒಬ್ಬರದು, ನಿರ್ಧಾರ ಹತ್ತು ಮಂದಿಯದು

ಬಿ.ಪಿ.ಇಡಿ. (ದೈಹಿಕ ಶಿಕ್ಷಣ ಪದವಿ) ಪರೀಕ್ಷೆಯಲ್ಲಿ ಉದ್ದೀಪನ ಮದ್ದಿನ ಪ್ರಶ್ನೆ ಬಂದರೆ ನಮ್ಮಲ್ಲಿ ಬಹಳ ಮಂದಿ ಬರೆಯುವ ಉತ್ತರ ಒಂದೇ ತೆರನಾದದ್ದು: ಆಟಗಾರನಿಗೆ ಗೆಲುವಿನ ದುರಾಸೆ, ದುರಾಸೆಗೆ ಮದ್ದು, ಮದ್ದಿಗೆ ನಿಷೇಧ. ಅಂಕ ಬರುತ್ತದೆ, ವಿಷಯ ತಿಳಿಯುವುದಿಲ್ಲ. ದೊಡ್ಡ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಪ್ರತಿಯೊಂದರಲ್ಲೂ ಆಟಗಾರನ ಹಿಂದೆ ಒಬ್ಬ ಕೋಚ್, ಒಬ್ಬ ಡಾಕ್ಟರ್, ಕೆಲವು ಸಲ ಇಡೀ ಸರ್ಕಾರವೇ ನಿಂತಿರುತ್ತದೆ. ಈ ಟಿಪ್ಪಣಿ ಅವರ ಬಗ್ಗೆಯೂ.

ಮೊದಲು ಮದ್ದುಗಳನ್ನು ಬೇಗ ಮುಗಿಸೋಣ, ಇವು ಎಲ್ಲ ಗೈಡ್‌ಗಳಲ್ಲೂ ಇವೆ. ಅನಬಾಲಿಕ್ ಸ್ಟೆರಾಯ್ಡ್ ಸ್ನಾಯು ಬೆಳೆಸುತ್ತದೆ. ಜೊತೆಗೆ ಯಕೃತ್ತು, ಹೃದಯವನ್ನು ಕೆಡಿಸುತ್ತದೆ. ಗಂಡಸರಲ್ಲಿ ವೃಷಣ ಕುಗ್ಗುತ್ತದೆ, ಹೆಂಗಸರಲ್ಲಿ ದನಿ ಗಡುಸಾಗುತ್ತದೆ. ಇಪಿಒ (ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು) ರಕ್ತದಲ್ಲಿ ಕೆಂಪುಕಣ ಹೆಚ್ಚಿಸುವುದರಿಂದ ದೂರದ ಓಟ, ಸೈಕ್ಲಿಂಗ್‌ನವರಿಗೆ ದಮ್ಮು ಬರುತ್ತದೆ, ಆದರೆ ರಕ್ತ ದಪ್ಪವಾಗಿ ಹೆಪ್ಪುಗಟ್ಟುವ ಅಪಾಯ. ಮೂತ್ರವರ್ಧಕ ಮಾತ್ರೆಗಳು ಕುಸ್ತಿಯವರಿಗೆ ತೂಕ ಇಳಿಸಲು, ಬೇರೆ ಮದ್ದನ್ನು ಮರೆಮಾಚಲು. ಬಂದೂಕು, ಬಿಲ್ಲು ಹಿಡಿಯುವವರಿಗೆ ಕೈ ನಡುಗದಿರಲು ಬೀಟಾ ಬ್ಲಾಕರ್, ಅಂದರೆ ಎದೆಬಡಿತ ತಗ್ಗಿಸುವ ಮಾತ್ರೆ. ಇಷ್ಟು ಸಾಕು.

ಈಗ 1988ರ ಸಿಯೋಲ್. ನೂರು ಮೀಟರ್ ಓಟವನ್ನು ಕೆನಡಾದ ಬೆನ್ ಜಾನ್ಸನ್ 9.79 ಸೆಕೆಂಡುಗಳಲ್ಲಿ ಗೆದ್ದರು. ಮೂರು ದಿನಕ್ಕೆ ಪದಕ ಹೋಯಿತು. ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿತ್ತು. ಎಲ್ಲರ ಟಿಪ್ಪಣಿಯೂ ಇಲ್ಲಿಗೆ ನಿಲ್ಲುತ್ತದೆ. ಕೆನಡಾ ಸರ್ಕಾರ ನೇಮಿಸಿದ ಡುಬಿನ್ ವಿಚಾರಣಾ ಆಯೋಗದ ಮುಂದೆ ಮರುವರ್ಷ ಕೋಚ್ ಚಾರ್ಲಿ ಫ್ರಾನ್ಸಿಸ್ ಹೇಳಿದ್ದೇನೆಂದರೆ, ಜಾನ್ಸನ್ 1981ರಿಂದಲೇ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರು, ಅದು ತಮಗೆ ಗೊತ್ತಿತ್ತು. ಕೊಡುತ್ತಿದ್ದ ವೈದ್ಯರೂ ಇದ್ದರು. ಇನ್ನೊಂದು ವಿಷಯ: ಜಾನ್ಸನ್ ಬದಲು ಚಿನ್ನ ಪಡೆದ ಕಾರ್ಲ್ ಲೂಯಿಸ್ ಅದೇ ವರ್ಷ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಉತ್ತೇಜಕ ವಸ್ತುಗಳಿಗೆ ಪಾಸಿಟಿವ್ ಆಗಿದ್ದು 2003ರಲ್ಲಿ ಹೊರಬಿತ್ತು. ಗೊತ್ತಿಲ್ಲದೆ ಸೇವಿಸಿದ್ದು ಎಂದು ಅವರ ದೇಶದ ಒಲಿಂಪಿಕ್ ಸಮಿತಿಯೇ ಆಗ ಅವರನ್ನು ಬಿಟ್ಟುಬಿಟ್ಟಿತ್ತು.

ಪೂರ್ವ ಜರ್ಮನಿಯ ಕಥೆ ಇನ್ನೂ ಕೆಟ್ಟದ್ದು. 1974ರಿಂದ ಅಲ್ಲಿ ಮದ್ದು ಕೊಡುವುದು ಸರ್ಕಾರದ ಗುಪ್ತ ಯೋಜನೆಯೇ ಆಗಿತ್ತು. ಹದಿಹರೆಯದ ಈಜುಗಾರ್ತಿಯರ ಕೈಗೆ ಓರಲ್ ಟ್ಯುರಿನಬಾಲ್ ಎಂಬ ನೀಲಿ ಮಾತ್ರೆ ಇಟ್ಟು ‘ವಿಟಮಿನ್’ ಎನ್ನುತ್ತಿದ್ದರು. ಮನೆಯವರಿಗೂ ಹೇಳುವಂತಿರಲಿಲ್ಲ. ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಶಿಕ್ಷೆಯಾಯಿತು, ಅದೂ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ. ಆ ಹುಡುಗಿಯರಿಗೆ ಗೆಲುವಿನ ದುರಾಸೆ ಇತ್ತು ಎಂದು ಬರೆದು ನೋಡಿ, ನಿಮಗೇ ಸರಿ ಅನಿಸುವುದಿಲ್ಲ.

ನಮ್ಮ ರಾಜ್ಯದ ಉದಾಹರಣೆ ಬೇಕೆಂದರೆ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. 2011ರಲ್ಲಿ ಅವರೂ ಜೊತೆಗಾರ್ತಿಯರೂ ಸ್ಟೆರಾಯ್ಡ್‌ಗೆ ಪಾಸಿಟಿವ್ ಆದರು. ಕೋಚ್ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು ಎಂದು ಅವರು ವಾದಿಸಿದರು. ಉಕ್ರೇನಿನ ಆ ಕೋಚನ್ನು ಕೆಲಸದಿಂದ ತೆಗೆದರು. ಭಾರತದ ಸಮಿತಿ ಒಂದು ವರ್ಷದ ನಿಷೇಧ ಹಾಕಿತ್ತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಪರೀಕ್ಷೆಗೆ ಇದು ಮುಖ್ಯ, ಅಡಿಗೆರೆ ಎಳೆದುಕೊಳ್ಳಿ: ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಸಂಹಿತೆಯ ಪ್ರಕಾರ ನಿಮ್ಮ ದೇಹದಲ್ಲಿ ಸಿಕ್ಕ ವಸ್ತುವಿಗೆ ಹೊಣೆ ನೀವೇ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬುದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮದ್ದು ಕೊಟ್ಟವರಿಗೆ, ಮಾರಿದವರಿಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ಅವಕಾಶವಿದೆ. ಆದರೆ ಕೊಟ್ಟವನ ಕೈ ಹಿಡಿಯಲು ಸಾಕ್ಷಿ ಬೇಕು, ತೆಗೆದುಕೊಂಡವನ ವಿರುದ್ಧ ಅವನ ಮೂತ್ರವೇ ಸಾಕ್ಷಿ. ಈ ನಿಯಮ ಇಲ್ಲದಿದ್ದರೆ ಯಾರೂ ಸಿಕ್ಕಿಬೀಳುತ್ತಿರಲಿಲ್ಲ ಎನ್ನುವುದು ಖರೆ. ಇಡೀ ಭಾರ ಇಪ್ಪತ್ತರ ಹುಡುಗಿಯ ಮೇಲೆ ಬೀಳುತ್ತದೆ ಎನ್ನುವುದೂ ಅಷ್ಟೇ ಖರೆ.

ನಮ್ಮ ಕಲಬುರಗಿಗೆ ಇದು ಎಲ್ಲಿ ಮುಟ್ಟುತ್ತದೆ? ಬೆಳಗಿನ ಜಾವ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಿ ನೋಡಿ. ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಬಂದು ರೂಮ್ ಮಾಡಿಕೊಂಡ ಹುಡುಗರು ಓಡುತ್ತಿರುತ್ತಾರೆ. ಅವರ ಕಣ್ಣು ಒಲಿಂಪಿಕ್ಸ್ ಮೇಲಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಯ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು, ಇಲ್ಲವೇ ಕ್ರೀಡಾ ಕೋಟಾಕ್ಕೆ ಒಂದು ಸರ್ಟಿಫಿಕೇಟ್ ಬೇಕು. ತೊಗರಿ ಕೈಕೊಟ್ಟ ವರ್ಷ ಮನೆಗೆ ಒಂದು ಸರ್ಕಾರಿ ಪಗಾರ ಬರುವುದೆಂದರೆ ಅದಕ್ಕಿಂತ ದೊಡ್ಡ ಗೆಲುವು ಯಾವುದು? ಅಂಥವನ ಹೆಗಲ ಮೇಲೆ ಕೈ ಹಾಕಿ “ತಮ್ಮಾ, ಇದು ಬರೀ ತಾಕತ್ತಿನ ಪುಡಿ ಅದ, ಏನೂ ಆಗಂಗಿಲ್ಲ” ಎನ್ನುವ ಜಿಮ್ ಅಣ್ಣ ಯಾವ ಊರಲ್ಲಿ ಬೇಕಾದರೂ ಸಿಗುತ್ತಾನೆ. ಭರ್ತಿ ಓಟಕ್ಕೆ ನಾಡಾದವರು (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು) ಬರುವುದಿಲ್ಲ. ಕ್ರೀಡಾಕೂಟಕ್ಕೆ ಬಂದರೆ ಏನಾಗಬಹುದು ಎಂಬುದಕ್ಕೆ 2023ರ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟವಿದೆ: ಬಾತ್‌ರೂಮಿನಲ್ಲಿ ಸಿರಿಂಜುಗಳು, ನಾಡಾ ತಂಡ ಬಂದದ್ದು ತಿಳಿದು ಓಟಗಾರರು ನಾಪತ್ತೆ, ಪುರುಷರ ನೂರು ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಅದರ ಹಿಂದಿನ ವರ್ಷ, 2022ರಲ್ಲಿ, ಭಾರತದ 3,865 ಮಾದರಿಗಳಲ್ಲಿ 125 ಪಾಸಿಟಿವ್ ಆಗಿದ್ದವು.

ಮೂತ್ರದ ಮಾದರಿ ತೆಗೆದುಕೊಳ್ಳುವ ಕ್ರಮ ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ಕೇಳುವಂಥದ್ದು. ಕಿಟ್ ಆರಿಸುವವರು ಆಟಗಾರರೇ. ಅಧಿಕಾರಿಯ ಕಣ್ಣೆದುರೇ ಮೂತ್ರ ಕೊಡಬೇಕು (ಮುಜುಗರ ಇದ್ದದ್ದೇ), ಕನಿಷ್ಠ 90 ಮಿಲಿ. ಅದನ್ನು ‘ಬಿ’ ಬಾಟಲಿಗೆ ಕನಿಷ್ಠ 30, ‘ಎ’ ಬಾಟಲಿಗೆ ಕನಿಷ್ಠ 60 ಎಂದು ತಾವೇ ಸುರಿದು ಮುಚ್ಚಳ ಬಿಗಿಯಬೇಕು. ಮೂತ್ರ ತೀರ ತಿಳಿಯಾಗಿದ್ದರೆ ಮತ್ತೆ ಕೊಡಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಕೊಡಗಟ್ಟಲೆ ನೀರು ಕುಡಿದು ಕೂತವರು ಗಂಟೆಗಟ್ಟಲೆ ಕಾಯಬೇಕಾದೀತು. ಕೊನೆಗೆ ಫಾರ್ಮಿನಲ್ಲಿ ಕಳೆದ ಏಳು ದಿನ ತೆಗೆದುಕೊಂಡ ಔಷಧಗಳನ್ನು ಬರೆಯಬೇಕು.

ಆ ಕೊನೆಯ ಸಾಲೇ ನಮ್ಮ ಹುಡುಗರು ಎಡವುವ ಜಾಗ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾದದ್ದು ಕೆಮ್ಮಿನ ಸಿರಪ್‌ನಲ್ಲಿದ್ದ ಟರ್ಬುಟಲಿನ್ ಎಂಬ ನಿಷಿದ್ಧ ವಸ್ತುವಿನಿಂದ. ಕಬಡ್ಡಿಯವರು ಮೊಣಕಾಲಿಗೆ ಹಾಕಿಸಿಕೊಳ್ಳುವ ಕಾರ್ಟಿಸೋನ್ ಜಾತಿಯ ಇಂಜೆಕ್ಷನ್‌ಗಳು 2022ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಆದ್ದರಿಂದ ಸುಪರ್ ಮಾರ್ಕೆಟ್ ಕಡೆಯ ಮೆಡಿಕಲ್ ಅಂಗಡಿಯಲ್ಲೇ ಆಗಲಿ, ದೊಡ್ಡ ಆಸ್ಪತ್ರೆಯಲ್ಲೇ ಆಗಲಿ, “ನಾನು ಆಟಗಾರ, ನನಗೆ ಟೆಸ್ಟ್ ಇರ್ತದ” ಎಂದು ಮೊದಲೇ ಹೇಳಿ. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಿ. ಆಸ್ತಮಾದಂಥ ಕಾಯಿಲೆಗೆ ನಿಷಿದ್ಧ ಔಷಧವೇ ಬೇಕಾದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬಹುದು, ವೈದ್ಯರ ಚೀಟಿ ಮತ್ತು ವರದಿ ಜೊತೆಗಿರಲಿ. ಕೋಚ್ ಕೊಟ್ಟ ಡಬ್ಬಿ ಇದ್ದರೆ ಅದರ ಲೇಬಲ್, ಬ್ಯಾಚ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಯಾರು ಕೊಟ್ಟರು ಎಂದು ಮುಂದೆ ತೋರಿಸಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಅಷ್ಟಾದರೂ ಇರುತ್ತದೆ.